ಗ್ವಾಡಿ ಮ್ಯಾಲಿನ ಅಂಚು

ಲೋಕಾಪುರ ನಿಲ್ದಾಣದಲ್ಲಿ ರಬಕವಿ ಬಸ್ಸಿಗೆ ಕಾಯುತ್ತಿದ್ದೆ. ಮುಂದಿದ್ದ ಹೆಂಗಸು ತನ್ನಣ್ಣನ ಮುಖಕ್ಕೇ ಮೊಬೈಲ್ ಹಿಡಿದಳು.

“ಬಂದ್ ಬಿದ್ದ ಹುಚ್ಚರ ದವಾಖಾನಿಗೆ ಹೋಗಿದ್ದೆ. ಈ ಗ್ವಾಡಿ ನೋಡಣ್ಣಾ.”

“ಬರೇ ಗೀರು ಅದಾವು.”

“ಗೀರಲ್ಲ, ಅವ್ವ ನೇಯತಿದ್ದ ಸೀರಿ ಅಂಚು. ಕೆಳಗ ‘ಗುರುಬಸವ್ವ, 2018’ ಅಂತ ಕೆತ್ಯಾಳ.”

“ಅವ್ವ ಹೊಳಿ ಪಾಲಾಗಿ ಇಪ್ಪತ್ತು ವರ್ಷಾತು.”

“ಹಂಗಂತ ನೀನ ಹೇಳಿದ್ದಿ. ಜೀವಂತ ಇದ್ದಾಕಿಗೆ ವರ್ಷಾ ವರ್ಷಾ ನನ್ನ ಕೈಲೆ ಸತ್ತವರ ಎಡಿ ಹಿಡಿಸಿದಿ.”

“ಮೆಲ್ಲಕ ಮಾತಾಡು, ಮಂದಿ ಕೇಳಾಕತ್ತಾರ.”

“ಕೇಳ್ಲಿ. ಆಕಿನ್ನ ಅಲ್ಲಿ ಬಿಟ್ಟು ಬಂದಾಂವ ಯಾರು?”

“ತಾಯಿಗೆ ಹುಚ್ಚು ಅಂತ ಗೊತ್ತಾಗಿದ್ರ ನಿನ್ನ ಲಗ್ನ ಮುರೀತಿತ್ತವಾ.”

“ಆ ಲಗ್ನದ ಸೀರೀನೂ ಆಕಿನ ನೇಯ್ದಿದ್ದಳು, ಇದ ಅಂಚು ಇಟ್ಟು.”

ಬಸ್ಸು ಬಂತು. ಅಣ್ಣನನ್ನು ಅಲ್ಲೇ ಬಿಟ್ಟು ಅವಳೊಬ್ಬಳೇ ಹತ್ತಿದಳು.