ಆಲದ ಮರದಿಂದ ಒಂದು ಹತ್ತಕ್ಕೆ ಬಂದ ಕರೆ

ದೀಪ ಇರಲಿ, ಆರಿಸಬೇಡಿ. ಇದು ಯಾರೋ ಯಾರಿಗೋ ಹೇಳಿದ್ದಲ್ಲ. ನಮ್ಮ ಪಕ್ಕದ ಮನೆಯ ಪ್ರಸನ್ನಕುಮಾರನಿಗೆ ಆದದ್ದು. ಹೋದ ವರ್ಷ, ಇದೇ ಮುತ್ತಿನಕೊಪ್ಪದಲ್ಲಿ.

ಅವತ್ತು ಅವನು ಕೊಪ್ಪದಲ್ಲಿ ಕೆಲಸ ಮುಗಿಸಿ ಕೊನೆಯ ಬಸ್ಸಿನಿಂದ ಇಳಿದಾಗ ರಾತ್ರಿ ಹತ್ತೂವರೆ. ಮೊಬೈಲಿನ ಟಾರ್ಚೂ ಹಾಕಿರಲಿಲ್ಲ, ದಿನಾ ನಡೆಯುವ ದಾರಿ. ಆಲದ ಮರದ ಹತ್ತಿರ ಬಂದ...

ಕಿಣಿ.

ನಿಂತ. ಮತ್ತೆ ಕಿಣಿ... ಕಿಣಿ. ಗಾಜಿನ ಬಳೆ. ಕೈತುಂಬ ಬಳೆ ತೊಟ್ಟವರು ನೋವಿಗೆ ಸೊಂಟ ಹಿಡಿದುಕೊಂಡಾಗ ಆಗುವ ಸದ್ದು. ಆಮೇಲೆ ಜಲ್ಲಿಯ ಮೇಲೆ ಹವಾಯಿ ಚಪ್ಪಲಿ, ಚರ್... ಚರ್... ಅತ್ತ ನಾಲ್ಕು ಹೆಜ್ಜೆ, ಇತ್ತ ನಾಲ್ಕು ಹೆಜ್ಜೆ.

"ಅಣ್ಣಾ... ಗಾಡಿ ಬಂತಾ?"

ಕಿವಿಯ ಪಕ್ಕದಲ್ಲೇ, ಪಿಸುದನಿ. ಪ್ರಸನ್ನ ಓಡಲಿಲ್ಲ. ಹೆದರಿಕೆಗಿಂತ ಮೊದಲು ಅವನಿಗೆ ಅಳು ಬಂತು. ಆ ದನಿ ಅವನ ತಂಗಿ ಅರ್ಪಣಾಳದು. ಅವಳು ಸತ್ತು ಆಗಲೇ ನಲವತ್ತು ದಿನ ಕಳೆದಿತ್ತು.

ಅವಳು ಹೇಗೆ ಸತ್ತಳೆಂದು ಹೇಳಲೇಬೇಕು. ಹೇಳದೆ ಹೋದರೆ ನೀವು ಇದನ್ನು ಮಕ್ಕಳನ್ನು ಹೆದರಿಸುವ ಕತೆ ಅಂದುಕೊಂಡುಬಿಡುತ್ತೀರಿ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಈ ಮೂರು ತಾಲೂಕಿಗೂ ಸೇರಿ ಒಂದು ಆಂಬುಲೆನ್ಸ್ ಸೇವೆ ಇತ್ತು. ಅದರ ಕಂಪ್ಯೂಟರ್ ನೋಡಿಕೊಳ್ಳುವವನು ಪ್ರಸನ್ನ. ಮೂರು ಊರಲ್ಲಿ ಮೂರು ಸರ್ವರ್, ಮೂರೂ ಸೇರಿ ಒಂದೇ ಡೇಟಾಬೇಸ್. ಬಂದ ಕರೆಗಳನ್ನು ಡಿಸ್ಕಿಗೆ ಬರೆಯುತ್ತಿರಲಿಲ್ಲ, ಎಲ್ಲ ಮೆಮೊರಿಯಲ್ಲೇ. ಹಾಗಿದ್ದರೆ ಯಾವ ಗಾಡಿ ಹತ್ತಿರ ಇದೆ ಅಂತ ಕಣ್ಣು ಮುಚ್ಚಿ ತೆರೆಯುವುದರೊಳಗೆ ಸಿಗುತ್ತದೆ. ಒಂದು ಸರ್ವರ್ ಕೆಟ್ಟರೂ ಕರೆ ಕಳೆದುಹೋಗಬಾರದಲ್ಲ, ಅದಕ್ಕೆ ಪ್ರತಿಯೊಂದು ಕರೆಯನ್ನೂ ಎರಡು ಕಡೆ ಇಡುತ್ತಿದ್ದರು. ಟ್ರಿಪ್ ಮುಗಿದ ಮೇಲೆ ಮಾತ್ರ ಕಾಗದಕ್ಕೆ ಬರುತ್ತಿತ್ತು: ಎಲ್ಲಿಂದ, ಎಷ್ಟು ಹೊತ್ತಿಗೆ, ಹತ್ತಿದವರು ಎಷ್ಟು, ಇಳಿದವರು ಎಷ್ಟು. ಹತ್ತಿಸಿದಾಗ ಒಂದು, ಇಳಿಸಿದಾಗ ಒಂದು, ಡ್ರೈವರ್ ಗಾಡಿಯಲ್ಲೇ ಬಟನ್ ಒತ್ತಬೇಕು. ನಮ್ಮ ಕಡೆಯ ರಸ್ತೆ ನಿಮಗೇ ಗೊತ್ತು, ಆಸ್ಪತ್ರೆ ಮುಟ್ಟುವ ಮೊದಲೇ ಹೆರಿಗೆ ಆಗಿಬಿಡುವುದುಂಟು. ಅದಕ್ಕೇ ಆ ಎರಡು ಕಾಲಂ.

ಈ ಸರ್ವರುಗಳಿಗೆ ಮೆಮೊರಿ ಎಷ್ಟು ಬೇಕು ಅಂತ ಲೆಕ್ಕ ಹಾಕಿದವನು ಪ್ರಸನ್ನನೇ. ಹಾಕಿದ್ದು ಅರ್ಪಣಾಳ ಸೀಮಂತದ ದಿನ ಬೆಳಿಗ್ಗೆ, ಹೊರಡುವ ಗಡಿಬಿಡಿಯಲ್ಲಿ, ಬಳೆಯಂಗಡಿಯ ಚೀಟಿಯ ಬೆನ್ನಿಗೆ. ಕರೆಗಳು ಇಷ್ಟು, ಗಾಡಿಗಳು ಇಷ್ಟು, ಎರಡು ಕಡೆ ಇಡಬೇಕಾದ್ದರಿಂದ ಇಮ್ಮಡಿ. ಅಲ್ಲಿಯವರೆಗೆ ಸರಿ. ಬಂದದ್ದನ್ನು ಮೂರರಿಂದ ಭಾಗಿಸಿದ. ಎರಡರಿಂದ ಭಾಗಿಸಬೇಕಿತ್ತು. ಒಂದು ಸರ್ವರ್ ಬಿದ್ದ ದಿನ ಉಳಿದೆರಡೇ ಅಷ್ಟನ್ನೂ ಹೊರಬೇಕಲ್ಲ... ತಂಗಿಗೆ ಹಸಿರು ಬಳೆ ತೊಡಿಸುವ ಹೊತ್ತು ಮೀರುತ್ತದೆ ಅಂತ ಅವನಿಗೆ ಅದು ಹೊಳೆಯಲೇ ಇಲ್ಲ. ಮೆಮೊರಿ ತುಂಬಿದರೆ ಏನು ಮಾಡಬೇಕು ಅನ್ನುವ ಸೆಟ್ಟಿಂಗನ್ನೂ ಇದ್ದ ಹಾಗೇ ಬಿಟ್ಟ. ಯಾವುದನ್ನು ಬಹಳ ಹೊತ್ತಿನಿಂದ ಯಾರೂ ಮುಟ್ಟಿಲ್ಲವೋ ಅದನ್ನು ಮೊದಲು ತೆಗೆದುಹಾಕು, ಅಂತಿತ್ತು ಅದು. ಅಂದರೆ ಎಲ್ಲರಿಗಿಂತ ಹೆಚ್ಚು ಹೊತ್ತು ಕಾದವರು ಎಲ್ಲರಿಗಿಂತ ಮೊದಲು ಹೊರಗೆ!

ಎರಡು ತಿಂಗಳು ಎಲ್ಲ ಸರಿಯಾಗೇ ನಡೆಯಿತು. ಆಮೇಲೆ ಒಂದು ರಾತ್ರಿ ಜೋರು ಗಾಳಿ, ಸಿಡಿಲು. ಶೃಂಗೇರಿಯ ಸರ್ವರ್ ಸತ್ತಿತು. ಕೊಪ್ಪದ ಕಂಟ್ರೋಲ್ ರೂಮಿನಲ್ಲಿ ಪ್ರಸನ್ನ ಮೆಮೊರಿಯ ಅಂಕೆ ನೋಡುತ್ತ ಕೂತಿದ್ದ. ತೊಂಬತ್ತು... ತೊಂಬತ್ತೇಳು... ನೂರು. ಒಂದೂವರೆಯ ಹೊತ್ತಿಗೆ ಅಂಕೆ ತಾನಾಗಿ ತೊಂಬತ್ತಾರಕ್ಕೆ ಇಳಿಯಿತು.

"ಅಬ್ಬಾ, ಇಳೀತು ಮಾರಾಯ" ಅಂದ, ಪಕ್ಕದಲ್ಲಿದ್ದ ಡ್ರೈವರ್ ರಾಜಶೇಖರನಿಗೆ. ಫ್ಲಾಸ್ಕಿನ ಚಹಾ ಬಗ್ಗಿಸಿಕೊಂಡು ಕುಡಿದ.

ಅಂಕೆ ಇಳಿದದ್ದು ಕಾಯುತ್ತಿದ್ದ ಕರೆಗಳು ಹೊರಗೆ ಬಿದ್ದು. ಅವುಗಳಲ್ಲಿ ರಾತ್ರಿ ಒಂದು ಗಂಟೆ ಹತ್ತು ನಿಮಿಷಕ್ಕೆ ಬಂದ ಕರೆಯೂ ಇತ್ತು. ಮುತ್ತಿನಕೊಪ್ಪ, ಆಲದ ಮರ, ಹೆರಿಗೆ ನೋವು. ಫೋನ್ ಅರ್ಪಣಾಳ ಅತ್ತೆ ವೀರಮ್ಮನದು. ಪ್ರಸನ್ನನ ಕಣ್ಣು ಕರೆಗಳ ಪಟ್ಟಿಯ ಮೇಲಿರಲಿಲ್ಲ, ಆ ಹಾಳು ಅಂಕೆಯ ಮೇಲಿತ್ತು.

ಗಾಡಿ ಬರುತ್ತದೆ ಅಂತ ಮೆಸೇಜ್ ಬಂದಿತ್ತು. ಆಮೇಲೆ ಟವರ್ ಹೋಯಿತು. ಗಂಡ ಶಿವಮೊಗ್ಗದಲ್ಲಿದ್ದ. ಅತ್ತೆ ಸೊಸೆ ಇಬ್ಬರೇ ಮರದ ಕೆಳಗೆ ನಿಂತರು. ಯಾರದ್ದಾದರೂ ಜೀಪು ಕೇಳಿ ಬರುತ್ತೇನೆ ಅಂತ ವೀರಮ್ಮ ಮೂರು ಸಲ ಹೊರಟರಂತೆ. ಮೂರು ಸಲವೂ ಅರ್ಪಣಾ ಸೆರಗು ಹಿಡಿದುಕೊಂಡಳಂತೆ.

"ಬೇಡ ಅತ್ತೆ... ಅಲ್ಲಿ ಅಣ್ಣ ಕೂತಿದಾನೆ. ಬಂದೇ ಬರ್ತದೆ."

ನಾಲ್ಕು ಗಂಟೆಗೆ ಹಾಲಿನ ವ್ಯಾನು ಬಂತು. ಅಷ್ಟರಲ್ಲಿ ಎಲ್ಲ ಮುಗಿದಿತ್ತು. ತಾಯಿಯೂ ಹೋದಳು, ಹೊಟ್ಟೆಯಲ್ಲಿದ್ದ ಕೂಸೂ ಹೋಯಿತು. ಮಣ್ಣು ಹಾಕುವಾಗ ಅವಳ ಅಣ್ಣ ನಿಂತಿದ್ದ ರೀತಿ ನೋಡಿದವರು ನಾವು.

ಆಮೇಲೆ ಅವನು ಮೆಮೊರಿಯನ್ನು ನಾಲ್ಕು ಪಟ್ಟು ಮಾಡಿಸಿದ. ಕಾಯುತ್ತಿರುವ ಕರೆಯನ್ನು ಏನೇ ಆದರೂ ತೆಗೆಯಕೂಡದು ಅಂತ ಸೆಟ್ಟಿಂಗ್ ಬದಲಿಸಿದ. ಇನ್ನು ಯಾಕೆ, ಯಾರಿಗೆ ಅಂತ ಅವನೇ ಅಳುತ್ತಿದ್ದ. ಅದಾದ ಮೇಲೆ ಮರದ ಕೆಳಗೆ ಬಳೆ ಸದ್ದು ಕೇಳಿದ್ದು.

ಮರುದಿನ ಅವನಿಗೆ ರಾತ್ರಿ ಪಾಳಿ. ಒಂದು ಹತ್ತಕ್ಕೆ ಸರಿಯಾಗಿ ಪರದೆಯ ಮೇಲೆ ಒಂದು ಸಾಲು ಮೂಡಿತು. ಮುತ್ತಿನಕೊಪ್ಪ, ಆಲದ ಮರ. ಕಾಯುತ್ತಿದ್ದಾರೆ. ಫೋನ್ ನಂಬರಿನ ಜಾಗ ಖಾಲಿ. ಅಳಿಸಿದ. ಮತ್ತೆ ಬಂತು. ಮತ್ತೆ ಅಳಿಸಿದ... ಮತ್ತೆ ಬಂತು. ಎಲ್ಲ ಗಾಡಿಗಳೂ ಬಿಡುವಾಗಿದ್ದ ಹೊತ್ತು ನೋಡಿ, ಮೂರೂ ಸರ್ವರುಗಳನ್ನು ಒಟ್ಟಿಗೆ ಆರಿಸಿದ. ಆರಿಸಿದರೆ ಮೆಮೊರಿ ಖಾಲಿ, ಅದರಲ್ಲಿ ಏನೂ ಉಳಿಯುವ ಹಾಗೇ ಇಲ್ಲ. ಫ್ಯಾನಿನ ಗುಂಯ್ ನಿಂತಿತು. ಒಂದು ನಿಮಿಷ ಸುಮ್ಮನೆ ಕೂತ. ಮತ್ತೆ ಹಾಕಿದ.

ಒಟ್ಟು ಕರೆಗಳು: 1.

ರಾಜಶೇಖರ ಹಿಂದೆ ಬಂದು ನಿಂತಿದ್ದ. "ಎಂತ ಮಾರಾಯ ಇದು?"

"ಗಾಡಿ ತೆಗಿ."

"ಎಲ್ಲಿಗೆ?"

"ಕರೆ ಬಂದಿದೆಯಲ್ಲ... ಹೋಗಣ."

ರಾಜಶೇಖರ ಒಳ್ಳೆಯ ಮನುಷ್ಯ, ಎದುರಾಡಲಿಲ್ಲ. ಕೊಪ್ಪದಿಂದ ಹೊರಟು ಮರ ಮುಟ್ಟುವಾಗ ಎರಡೂಕಾಲು ದಾಟಿತ್ತು. ಅಲ್ಲಿ ಯಾರೂ ಇರಲಿಲ್ಲ. ಪ್ರಸನ್ನ ಇಳಿದು ಹಿಂದಿನ ಬಾಗಿಲು ತೆರೆದ, ಕಟಕ್. ಕತ್ತಲಿಗೆ ಕೈ ಚಾಚಿದ.

"ಹತ್ತು ಪುಟ್ಟಿ... ತಡ ಆಯ್ತು. ನನ್ನಿಂದ ತಡ ಆಯ್ತು."

ಗಾಳಿ ಇರಲಿಲ್ಲ, ಎಲೆಯೂ ಅಲುಗಲಿಲ್ಲ. ಚರ್... ಚರ್... ಚಪ್ಪಲಿ ಹತ್ತಿರ ಬಂತು. ಗಾಡಿಯ ಹಿಂಬದಿ ಒಂದಿಷ್ಟು ಕುಸಿಯಿತು. ಸ್ಪ್ರಿಂಗು ಕಿರ್ರ್ ಅಂದಿತು. ಚಾಚಿದ ಕೈಗೆ ಏನು ಸಿಕ್ಕಿತು ಅಂತ ಪ್ರಸನ್ನ ಇವತ್ತಿಗೂ ಯಾರಿಗೂ ಹೇಳಿಲ್ಲ. ಮುಂದೆ ಕೂತಿದ್ದ ರಾಜಶೇಖರ ಅಭ್ಯಾಸಬಲದಿಂದ ಬಟನ್ ಒತ್ತಿದ. ಹತ್ತಿದವರು ಒಬ್ಬರು.

ನರಸಿಂಹರಾಜಪುರದ ದಾರಿಯುದ್ದಕ್ಕೂ ಹಿಂದಿನಿಂದ ಬಳೆಯ ಸದ್ದು. ಕಿಣಿ... ಹಲ್ಲು ಕಚ್ಚಿ ಎಳೆದುಕೊಳ್ಳುವ ಉಸಿರು... ಕಿಣಿ. ಪ್ರಸನ್ನ ತಿರುಗಿ ನೋಡಲಿಲ್ಲ. "ಬಂತು ಪುಟ್ಟಿ, ಇನ್ನೇನು ಬಂತು" ಅಂತ ಹೇಳುತ್ತಲೇ ಇದ್ದ. ಊರು ಒಂದು ಮೈಲಿ ಇರುವಾಗ ಎಲ್ಲ ಸದ್ದೂ ನಿಂತುಹೋಯಿತು. ಅದಾದ ಮೇಲೆ ಎಂಜಿನ್ ಬಿಟ್ಟರೆ ಏನೂ ಕೇಳಲಿಲ್ಲ.

ಆಸ್ಪತ್ರೆಯ ಮುಂದೆ ನಿಲ್ಲಿಸಿ ಬಾಗಿಲು ತೆರೆದರು. ಸ್ಟ್ರೆಚರ್ ಖಾಲಿ. ಹಾಸಿದ ಬಟ್ಟೆಯಲ್ಲಿ ಒಂದು ಸುಕ್ಕೂ ಇಲ್ಲ. ಇಳಿಸಿದಾಗ ಒತ್ತುವ ಬಟನ್ನನ್ನು ರಾಜಶೇಖರ ಮುಟ್ಟಲೇ ಇಲ್ಲ. ಪ್ರಸನ್ನನೂ ಮುಟ್ಟಲಿಲ್ಲ. ಮೆಟ್ಟಿಲ ಮೇಲೆ ಕೂತು ಬೆಳಗಾಗುವವರೆಗೆ ಅತ್ತ.

ಬೆಳಿಗ್ಗೆ ಕೊಪ್ಪಕ್ಕೆ ಹೋದಾಗ ಪರದೆಯ ಮೇಲೆ ಆ ಸಾಲು ಇರಲಿಲ್ಲ. ಆಮೇಲೆ ಯಾವತ್ತೂ ಬರಲಿಲ್ಲ. ಮುಗಿದ ಟ್ರಿಪ್ಪುಗಳ ಕಾಗದ ಮಾತ್ರ ಪ್ರಿಂಟರಿನಿಂದ ಹೊರಗೆ ಬಂದು ಬಿದ್ದಿತ್ತು.

ಅದನ್ನು ಅವನು ವೀರಮ್ಮನ ಮನೆಗೆ ತಂದ. ಅವರಿಗೆ ಓದು ಬರುವುದಿಲ್ಲ. "ಎಂತ ಬರ್ದಿದೆ ಅದ್ರಲ್ಲಿ?" ಅಂದರು. ಅವನು ಓದಿ ಹೇಳಿದ. ಅವರು ಕಾಗದ ಇಸಿದುಕೊಂಡು, ಕೂಸಿಗೆಂದು ಹೊಲಿದ ಕುಲಾವಿ ಇಟ್ಟ ಪೆಟ್ಟಿಗೆಯಲ್ಲಿ ಮಡಿಸಿ ಇಟ್ಟರು.

ನಾನು ಅದನ್ನು ನನ್ನ ಕಣ್ಣಾರೆ ಓದಿದ್ದೇನೆ. ನಂಬದಿದ್ದರೆ ಬೆಳಿಗ್ಗೆ ಬನ್ನಿ, ವೀರಮ್ಮ ಇಲ್ಲ ಅನ್ನುವುದಿಲ್ಲ, ತೆಗೆದು ತೋರಿಸುತ್ತಾರೆ. ಮುತ್ತಿನಕೊಪ್ಪ, ಆಲದ ಮರ. ಹತ್ತಿದವರು: 1. ಇಳಿದವರು: 2.