ಹಂಪಣ್ಣನ ತಾಟು

ಏ, ಆ ಬಾಗಲಾ ಮುಚ್ರಿ. ನಗೋರು ಈಗ್ಲೇ ನಕ್ಕು ಮುಗಿಸ್ರಿ, ಆಮ್ಯಾಲ ನನ್ನ ಮುಂದ ಹಲ್ಲ ಕಿಸಿಬ್ಯಾಡ್ರಿ. ಇದು ಗಾಳಿಮಾತಲ್ಲ. ನಮ್ಮ ಚಿಕ್ಕವ್ವನ ಮಗಳು ಮಲ್ಲಿಕಾಗ ಹೋದ ವರ್ಷ ಆಗಿದ್ದು.

ರಾಯಚೂರಾಗ, ಮಾನ್ವಿ ರೋಡಿನ ಕಡೆ, ಮರವು ರೋಗದ ಮುದುಕರನ್ನ ಇಟ್ಕೊಳ್ಳೋ ಆಶ್ರಮ ಒಂದು ಅದ. ಅಲ್ಲಿ ಉಣಿಸೋ ಕೆಲಸ ಮಲ್ಲಿಕಾಂದು. ಅವತ್ತು ರಾತ್ರಿ ಎಂಟೂವರಿಗೆ ಬಸ್ಸಿಗಂತ ಒಬ್ಬಾಕಿನ ನಡಕೋತ ಹೊಂಟಿದ್ಲು. ನಡುವ ಒಂದು ಆಲದ ಗಿಡ, ಬುಡಕ್ಕ ಹಾಳಬಾವಿ. ಆಕಿ ತಲಿಯಾಗ ದೆವ್ವ ಗಿವ್ವ ಏನೂ ಇದ್ದಿಲ್ಲ. ಆದೆಮ್ಮನ ಚಿಂತಿ ಒಂದ ಇತ್ತು.

ಆದೆಮ್ಮ ದೇವದುರ್ಗ ಕಡೆ ಒಕ್ಕಲತನದ ಮುದುಕಿ. ಹಡದ ಮಗಳ ಹೆಸರೂ ಮರ್ತಾಳ. ನಾಕು ದಿನಾತು, ಒಂದು ಅಗಳು ಮುಟ್ಟಿದ್ದಿಲ್ಲ. ಎಲ್ಲಾರಿಗಿಂತ ಮೊದ್ಲ ಆಕಿಗೇ ಬಿಸಿ ಗಂಜಿ ಒಯ್ತಿದ್ರು. ಮೂರು ಮಂದಿ ಸುತ್ತ ನಿಂತು "ಉಣ್ಣಬೇ, ಉಣ್ಣಬೇ" ಅಂತ ಚಮಚಾ ಹಿಡದ್ರ ಸಾಕು... ತುಟಿ ಬಿಗಿದು ಬಾಗಲಾ ನೋಡ್ತಿದ್ಲು. ಮರುದಿನ ಮಧ್ಯಾಹ್ನ ಡಾಕ್ಟರ್ ಬಂದು ಮೂಗಿನಾಗ ನಳಿಗಿ ಹಾಕಾವ್ರಿದ್ರು. ಹಾಕಿದ್ರ ಕಿತ್ಕೋತಾಳ. ಕಿತ್ಕೋಬಾರ್ದಂತ ಕೈ ಕಟ್ತಾರ.

ಗಿಡದ ಹತ್ರ ಬಂದ್ಲು... ಕಿರ್ರ್. ತೊಗಲ ಚಪ್ಪಲಿ ಸಪ್ಪಳ. ಈಕಿ ನಿಂತ್ಲು. ಅದೂ ನಿಂತತು. ಬಾವಿ ಕಟ್ಟಿ ಮ್ಯಾಲ ರುಮಾಲು ಸುತ್ತಿದ ಮುದುಕ ಒಬ್ಬಾಂವ ಕುಂತಿದ್ದ. ಮಾರಿ ಕತ್ತಲಾಗ.

"ಉಂಡಳೇನವ್ವ?" ಅಂತ ಪಿಸುದನಿಲೆ ಕೇಳಿದ.

"ಉಣ್ಣಾಕಿ ಯಾರ್ರಿ ಯಜಮಾನ್ರ?"

"ಆದೆಮ್ಮ."

ಬೀಗರೋ ಬಿಜ್ಜರೋ ಇರಬೇಕಂತ ಮಲ್ಲಿಕಾಗ ಸಿಟ್ಟು ಬಂತು. "ಇಲ್ರಿ. ನೀವ ಒಳಗ ಬಂದು ಉಣಸಬಾರ್ದೇನು?"

"ನನ್ನ ಬಿಟ್ಟು ಆಕಿ ಎಂದೂ ಉಂಡಿಲ್ಲವ್ವ. ಮೊದ್ಲ ನನಗ ನೀಡು... ಅದ ತಾಟಿನ್ಯಾಗ ಆಕಿ ಉಣ್ತಾಳ."

"ಆತ್ರಿ" ಅಂದು ಹೊಂಟ್ಲು. ಹತ್ತು ಹೆಜ್ಜಿ ಹೋಗಿರಬೇಕು... ಅಲ್ಲೇ ನಿಂತಬಿಟ್ಲು. ಆದೆಮ್ಮನ ಹಣಿ ಬರಿದು. ಕೊಳ್ಳಾಗ ತಾಳಿ ಇಲ್ಲ. ಆಕಿ ಗಂಡ ಹಂಪಣ್ಣ ಸತ್ತು ಒಂಬತ್ತು ವರ್ಷ ಆತು, ಅದನ್ನ ಆಕಿ ಈಗೀಗ ಮರ್ತಾಳ. ತಿರುಗಿ ನೋಡಿದ್ರ ಕಟ್ಟಿ ಖಾಲಿ. ಯವ್ವಾ ಅಂತ ರೋಡಿನ ತನಕ ಓಡ್ಯಾಳ.

ನಾನಾಗಿದ್ರ ಆ ಕಡೆ ಮತ್ತ ಕಾಲ ಇಡ್ತಿದ್ದಿಲ್ಲ. ಈಕಿ ಮರುದಿನ ಹೋದ್ಲು. ಮೈ ಕಾದಿತ್ತು, ಆದ್ರೂ ಹೋದ್ಲು. ಜ್ವಾಳದ ರೊಟ್ಟಿ, ಪುಂಡಿಪಲ್ಯಾ, ಒಂದು ಉಳ್ಳಾಗಡ್ಡಿ ಕಟಗೊಂಡಿದ್ಲು. ಡಾಕ್ಟರ್ ಬರಾಕ ಇನ್ನ ಅರ್ಧ ತಾಸು. ಎಲ್ಲಾರನ್ನೂ ಹೊರಗ ಕಳಿಸಿ, ಆದೆಮ್ಮನ ಚಾಪಿ ಎದುರಿಗೆ ಕುಂದ್ರಾಕ ಮಣಿ ಹಾಕಿ, ತಾಟು ಇಟ್ಟು ನೀಡಿದ್ಲು. "ಹಂಪಣ್ಣ ತಾತಾ, ಉಣ್ಣಾಕ ಬರ್ರಿ" ಅಂತ ಕರದು, ಗ್ವಾಡಿ ಕಡೆ ಮಾರಿ ಮಾಡಿ ನಿಂತ್ಲು.

ಕಿರ್ರ್... ಕಿರ್ರ್...

ಧಪ್.

ಆಮ್ಯಾಲ ಕರುಂ... ಕರುಂ... ನಿಧಾನಕ, ಹೊಲದಾಗ ಕುಂತು ಉಂಡಂಗ.

ಬಾಳ ಹೊತ್ತಿನ ಮ್ಯಾಲ ತಿರುಗಿದ್ಲು. ಆದೆಮ್ಮ ತಲಿ ಮ್ಯಾಲ ಸೆರಗು ಹೊದ್ದಿದ್ಲು. ತಾಟು ಹತ್ರ ಎಳಕೊಂಡು, ಪಲ್ಯಾದಾಗ ರೊಟ್ಟಿ ಮೆತ್ತಗ ಕಿವುಚಿ, ತಾನ ತುತ್ತು ಮಾಡಿ ಬಾಯಿಗಿಡಾಕತ್ತಿದ್ಲು. ಮಲ್ಲಿಕಾ ಅಲ್ಲೇ ಕುಂತು ಅತ್ತಬಿಟ್ಲು. ಅಂಜಿಕಿಗೋ ಖುಷಿಗೋ, ಆಕಿಗೇ ಗೊತ್ತಿಲ್ಲ. ಡಾಕ್ಟರ್ ಬಂದು ನೋಡಿ, ನಳಿಗಿ ಬ್ಯಾಗಿನಾಗ ವಾಪಸ್ ಇಟ್ಕೊಂಡು ಹೋದ್ರು.

ಈಗ ಎರಡೂ ಹೊತ್ತು ಹಂಪಣ್ಣನ್ನ ಕರೀಬೇಕು. ಕರೀಲಿಲ್ಲಂದ್ರ ಮುದುಕಿ ಬಾಯಿ ತೆಗ್ಯಂಗಿಲ್ಲ. ಬ್ಯಾರೆದಾವ್ರು ಕರದ್ರ ಯಾರೂ ಬರಂಗಿಲ್ಲ. ವರ್ಷಾತು, ಮಲ್ಲಿಕಾ ಒಂದು ದಿನ ರಜಾ ಹಾಕಿಲ್ಲ, ಸೊರಗಿ ಕಡ್ಡಿ ಆಗ್ಯಾಳ.

ನಾನೂ ನಂಬಿದ್ದಿಲ್ಲ. ಹೋದ ವಾರ ಹೋಗಿದ್ದೆ. ಉಳ್ಳಾಗಡ್ಡಿ ನಾನ ಇಟ್ಟೆ, ಇಡೀದು, ಸಿಪ್ಪಿ ಸಮೇತ. ಮಲ್ಲಿಕಾ ಕರದ್ಲು. ಇಬ್ರೂ ಗ್ವಾಡಿ ನೋಡ್ಕೋತ ನಿಂತ್ವಿ. ಊಟ ಮುಗದ ಮ್ಯಾಲ ತಾಟು ನಾನ ಎತ್ತಿದೆ. ನಂಬ್ರಿ, ಬಿಡ್ರಿ. ಉಳ್ಳಾಗಡ್ಡಿ ಮುಷ್ಟಿಲೆ ಗುದ್ದಿದಂಗ ಒಡದಿತ್ತು. ಒಂದು ಹೋಳಿನ ಮ್ಯಾಲ ಹಲ್ಲಿನ ಗುರ್ತು ಹಸೀದು ಇತ್ತು. ಆದೆಮ್ಮನ ಬಾಯಾಗ ಒಂದೂ ಹಲ್ಲಿಲ್ಲ.