ದೀಪಶ್ರೀಯ ಮೇಜರ್, ಅವ್ವನ ಡಬ್ಬಿ

ಒಂಟಾರಿಯೋ ಪ್ರಾಂತ್ಯದ ಸ್ಟೌಫ್‌ವಿಲ್ ರೈಲಿನಲ್ಲಿ ನೀಲಾಂಬಿಕಾ ಪಿಸುಗುಟ್ಟಿದರೂ ಎಂಟು ಬೋಗಿಗೆ ಕೇಳಿಸುತ್ತಿತ್ತು. ಪಕ್ಕದಲ್ಲಿ ಮಗಳು ದೀಪಶ್ರೀ ಫೋನ್ ಹಿಡಿದು ಕೂತಿದ್ದಳು; ಅವ್ವ ಹೂಂ ಅಂದರೆ ಕಾಲೇಜಿನ ಮುಖ್ಯ ವಿಷಯ, ಅಂದರೆ ಮೇಜರ್, ಆರಿಸುವ ಬಟನ್ ಒತ್ತುವುದೊಂದೇ ಬಾಕಿ.

"ಕ್ರಿಮಿನಲ್ ಜಸ್ಟಿಸಾ? ಕಳ್ಳರ ಸಹವಾಸ ಯಾಕವಾ ನಿನಗ?"

"ಇವತ್ತ ಲಾಸ್ಟ್ ಡೇಟ್ ಅವ್ವಾ. ಮೇಜರ್ ಡಿಕ್ಲೇರ್ ಮಾಡ್ಲೇನು?"

"ನಮ್ಮ ಮನ್ಯಾಗ ಯಾರರ ಪೊಲೀಸ್ ಅದಾರೇನ?"

"ನೀನ ಇದ್ದೀಯಲ್ಲ! ಕನ್ನಡ ಸಂಘದ ಊಟದಾಗ ನಿನ್ನ ಸ್ಟೀಲ್ ಡಬ್ಬಿ ಕಳದಾಗ ಏನ್ ಮಾಡಿದಿ?"

ನೀಲಾಂಬಿಕಾಳ ಎದೆ ಒಂಟಾರಿಯೋದಷ್ಟು ಅಗಲವಾಯಿತು.

"ಚಹಾಕ್ಕಂತ ನಾರ್ತ್ ಯಾರ್ಕಿನ ನಮ್ಮವರ ಮನಿಗೆಲ್ಲಾ ತಿರುಗಿದೆ. ಒಬ್ಬಾಕಿ ಅಡಗಿಮನ್ಯಾಗ ನನ್ನ ಹೆಸರು ಕೊರಸಿದ್ದ ಡಬ್ಬಿ ಇತ್ತು."

"ಬೈದಿಯೇನು?"

"ಛೇ! ಡಬ್ಬಿ ಕಡೆ ನೋಡಿ, ಚಹಾ ಚಲೋ ಆಗೇತಿ ಅಂದು ಬಂದೆ. ಮರುದಿನ ಆಕೀನ ಉಂಡಿ ತುಂಬಿಸಿ ತಂದುಕೊಟ್ಲು."

"ಕಾಲೇಜಿನ್ಯಾಗ ಅದನ್ನೇ ಕಲಿಸೋದು. ಮೇಜರ್ ಬ್ಯಾಡಂದ್ರ ಸಣ್ಣ ವಿಷಯ ಅಂತ ಮೈನರ್ ಮಾಡ್ಲೇನು?"

"ಮೈನರ್ ಯಾಕ? ಕಲಿಯೂದಾದ್ರ ಪೂರ್ತಿ ಕಲಿ. ಒತ್ತು!"

ದೀಪಶ್ರೀ ಒತ್ತಿದಳು. ಯೂನಿಯನ್ ಸ್ಟೇಷನ್ನಿನಲ್ಲಿ ಇಳಿಯುತ್ತ ಅವ್ವ ಅವಳ ತೋಳು ಹಿಡಿದಳು.

"ಕ್ಲಾಸಿನ್ಯಾಗ ಆಕಿ ಹೆಸರು ಮಾತ್ರ ಹೇಳಬ್ಯಾಡ. ಪಾಪ, ಉಂಡಿ ಭಾಳ ಚಲೋ ಇದ್ದುವು."